ಕಿವಿಗೆ ಕಂಡ ಬಲೂನು

ಊದಿದ ಬಲೂನನ್ನು ಉಣ್ಣೆಯ ಅಂಗಿಗೆ ನಾಲ್ಕಾರು ಬಾರಿ ಉಜ್ಜಿ ಗೋಡೆಯ ಬಳಿ ಹಿಡಿದರೆ ಅದು ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ. ಹೀಗೇಕೆ ಆಗುತ್ತದೆಂಬುದನ್ನು ಉಪಾಧ್ಯಾಯರು ಕರಿಹಲಗೆಯ ಮೇಲೆ ಬರೆದು ವಿವರಿಸುವುದುಂಟು. ಆದರೆ ಅಂಗಿಯ ಋಣ ವಿದ್ಯುದಂಶಗಳು ಬಲೂನಿಗೆ ದಾಟಿಹೋಗುವುದನ್ನು ಕಣ್ಣಾರೆ ಕಂಡವರು ಯಾರು? ಕಾಣದುದನ್ನು ಕಾಣಿಸುವ ಈ ಕೆಲಸವನ್ನು ಗಣಕಯಂತ್ರ ಮಾಡಬಲ್ಲದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ‘ಫೆಟ್’ ಎಂಬ ಯೋಜನೆಯೊಂದು ಆರಂಭವಾಯಿತು. ಅದನ್ನು ಹುಟ್ಟುಹಾಕಿದ ಕಾರ್ಲ್ ವೈಮನ್ ಹಿಂದಿನ ವರ್ಷವಷ್ಟೇ ಭೌತವಿಜ್ಞಾನದಲ್ಲಿ ನೊಬೆಲ್ ಪಾರಿತೋಷಕ ಪಡೆದಿದ್ದರು. ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದಾದ ಆಟದಂಥ ಪಾಠಗಳನ್ನು ಈ ಯೋಜನೆ ಸಿದ್ಧಪಡಿಸಿತು. ಬಲೂನಿನ ಪಾಠವೂ ಅವುಗಳಲ್ಲೊಂದು. ತೆರೆಯ ಮೇಲೆ ಒಂದು ಬದಿಗೆ ಅಂಗಿ, ಇನ್ನೊಂದು ಬದಿಗೆ ಗೋಡೆ, ನಡುವೆ ಬಲೂನು. ‘ಮೌಸ್’ ಹಿಡಿದು ಬಲೂನನ್ನು ಎಳೆದು ಅಂಗಿಗೆ ಉಜ್ಜಿದರೆ ವಿದ್ಯುದಂಶಗಳು ಸಾಲುಗಟ್ಟಿ ಅದಕ್ಕೆ ವಲಸೆ ಹೋಗುತ್ತವೆ. ನೋಡುವ ಹುಡುಗನಿಗೆ ವಿಜ್ಞಾನವೆಂಬುದು ಕೈಯ ಆಟವಾಗುತ್ತದೆ.

ಆದರೆ ತರಗತಿಯಲ್ಲಿ ನೋಡುವ ಹುಡುಗರಷ್ಟೇ ಇರುವುದಿಲ್ಲವಲ್ಲ! ದೃಷ್ಟಿಯಿಲ್ಲದ ಹುಡುಗಿಯೊಬ್ಬಳು ಅದೇ ಬೆಂಚಿನಲ್ಲಿ ಕುಳಿತಿದ್ದರೆ ಅವಳ ಪಾಲಿಗೆ ಬರುವುದು ನೆರೆಯ ಗೆಳತಿಯ ಉದ್ಗಾರ ಮಾತ್ರ. ‘ಅಗೋ, ಅಂಟಿಕೊಂಡಿತು!’ ಎಂದು ಗೆಳತಿ ಹೇಳುತ್ತಾಳೆ, ಇವಳು ತಲೆಯಾಡಿಸುತ್ತಾಳೆ. ಹಾಗೆ ತಲೆಯಾಡಿಸುವುದನ್ನು ಕಲಿಕೆಯೆಂದು ಕರೆಯಲಾಗದು. ಹಲಗೆಯ ಪಾಠವನ್ನಾದರೂ ಅವಳು ಕಿವಿಯಿಂದ ಅರಿಯಬಹುದಿತ್ತು; ಹೊಸ ಪಾಠವು ಅವಳನ್ನು ಇನ್ನಷ್ಟು ದೂರ ತಳ್ಳಿತು.

ಅಂಧರು ಗಣಕಯಂತ್ರವನ್ನು ಬಳಸಲಾರರೆಂದಲ್ಲ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಬಹುಕಾಲದಿಂದ ಇವೆ. ಅವುಗಳ ಬೆಲೆ ಬಡವರ ಕೈಗೆಟುಕುತ್ತಿರಲಿಲ್ಲ. ಸ್ವತಃ ದೃಷ್ಟಿಹೀನರಾದ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ತರುಣ 2006ರಲ್ಲಿ ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶವನ್ನು ಬರೆಯತೊಡಗಿದ. ಅವನಂತೆಯೇ ಅಂಧನಾದ ಜೇಮ್ಸ್ ಟೆ ಎಂಬ ಗೆಳೆಯ ಅವನ ಜೊತೆಗೂಡಿದ. ಆ ತಂತ್ರಾಂಶ ಇಂದು ಕನ್ನಡವನ್ನೂ ಓದುತ್ತದೆ. ಧ್ವನಿ ತುಸು ಯಾಂತ್ರಿಕವಾದರೂ ಮಾತು ತಿಳಿಯುತ್ತದೆ. ಆದರೆ ಓದಲು ಅಕ್ಷರ ಬೇಕು. ಬರಿಯ ಚಿತ್ರದ ಮುಂದೆ ಅದು ಮೂಕ.

ಫೆಟ್ ಯೋಜನೆಯವರು ಈ ಕೊರತೆಯನ್ನು ತುಂಬಲು ತೊಡಗಿದರು. ಮೌಸ್ ಇಲ್ಲದೆಯೇ, ಕೀಲಿಮಣೆಯ ಬಾಣದ ಗುರುತುಗಳಿಂದ ಬಲೂನನ್ನು ಚಲಿಸುವಂತೆ ಮಾಡಿದರು. ಇದರಿಂದ ಕೈ ನಡುಗುವ ಮಕ್ಕಳಿಗೂ ಉಪಕಾರವಾಯಿತು. ಮಾತಿನ ವಿವರಣೆಯನ್ನು ಜೋಡಿಸುವ ಕೆಲಸ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಬಲೂನು ಕದಲಿದ ಪ್ರತಿ ಗೇಣಿಗೂ ಯಂತ್ರ ಮಾತನಾಡಿದರೆ ಕೇಳುವವಳಿಗೆ ತಲೆನೋವು, ಮಾತನಾಡದಿದ್ದರೆ ಕತ್ತಲೆ. ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ‘ಬಲೂನು ಋಣ ವಿದ್ಯುದಂಶಗಳನ್ನು ಪಡೆಯಿತು, ಆದುದರಿಂದ ಅಂಗಿ ಅದನ್ನು ಸೆಳೆಯುತ್ತದೆ’ ಎಂದು ಧ್ವನಿಯೇ ಹೇಳಿಬಿಟ್ಟರೆ ಹುಡುಗಿ ಕಂಡುಕೊಳ್ಳುವುದಕ್ಕೆ ಉಳಿದುದೇನು? ಕಣ್ಣಿದ್ದವರಿಗೆ ಪ್ರಯೋಗ, ಇಲ್ಲದವರಿಗೆ ಅದರ ಉತ್ತರ — ಇದನ್ನು ಸಮಾನತೆಯೆನ್ನುವುದು ಹೇಗೆ? ಆದಕಾರಣ ವಿವರಣೆಯು ಕಂಡದ್ದನ್ನಷ್ಟೇ ಹೇಳಬೇಕು, ಕಾರಣವನ್ನು ಹೇಳಬಾರದು. ದೃಷ್ಟಿಯಿಲ್ಲದವರ ಕೈಗೇ ಪಾಠವನ್ನು ಕೊಟ್ಟು, ಅವರು ಎಡವಿದ ಕಡೆಗಳಲ್ಲಿ ಮಾತನ್ನು ತಿದ್ದಲಾಯಿತು.

ಕೈಗೆ ಕೊಟ್ಟು ನೋಡುವ ಈ ಕ್ರಮ ಹಿಂದೆ ಇರಲಿಲ್ಲ. ಪ್ಯಾರಿಸಿನ ಅಂಧರ ಶಾಲೆಯಲ್ಲಿ ಮೊದಲು ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ಉಬ್ಬಿಸಿ ಮಕ್ಕಳಿಗೆ ಕೊಡುತ್ತಿದ್ದರು. ಅವು ಕಣ್ಣುಳ್ಳವರ ಮನಸ್ಸಿಗೆ ಒಪ್ಪುವ ಅಕ್ಷರಗಳೇ ಹೊರತು ಬೆರಳಿಗೆ ಒಗ್ಗುವವಲ್ಲ. ಆ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿ 1829ರಲ್ಲಿ ಪ್ರಕಟಿಸಿದ. ಶಾಲೆಯು ಅದನ್ನು ವಿಧಿವತ್ತಾಗಿ ಅಂಗೀಕರಿಸಿದ್ದು 1854ರಲ್ಲಿ. ಅಷ್ಟರಲ್ಲಿ ಆತ ತೀರಿಕೊಂಡು ಎರಡು ವರ್ಷಗಳಾಗಿದ್ದವು!

ಅಂತರಜಾಲದ ಪುಟಗಳು ಹೇಗಿರಬೇಕೆಂಬ ನಿಯಮಗಳೇನೋ ತಡವಾಗದೆ ಬಂದವು. ಮೊದಲ ಅಂತರರಾಷ್ಟ್ರೀಯ ನಿಯಮಾವಳಿ 1999ರಲ್ಲಿಯೇ ಹೊರಬಂದಿತು. ಬಣ್ಣವೊಂದರಿಂದಲೇ ಅರ್ಥವನ್ನು ಸೂಚಿಸಬಾರದೆಂಬುದು ಅದರ ಒಂದು ಮಾತು. ಬಲೂನಿನ ಪಾಠದಲ್ಲಿ ವಿದ್ಯುದಂಶಗಳಿಗೆ ಬಣ್ಣದ ಜೊತೆಗೆ ಕೂಡುವ, ಕಳೆಯುವ ಗುರುತುಗಳೂ ಇರುವುದರಿಂದ ಬಣ್ಣಗುರುಡಿರುವ ಹುಡುಗನೂ ಅವುಗಳನ್ನು ಬೇರ್ಪಡಿಸಿ ತಿಳಿಯಬಲ್ಲ. ಕಿವುಡರಿಗಾಗಿ ಚಲಚ್ಚಿತ್ರದ ಕೆಳಗೆ ಮಾತನ್ನು ಬರೆದು ತೋರಿಸುವುದೂ ಇಂಥದೇ ಇನ್ನೊಂದು ನಿಯಮ. ಭಾರತದಲ್ಲಿಯೂ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ವಿದ್ಯುನ್ಮಾನ ಮಾಧ್ಯಮಗಳ ವಿಷಯವು ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆಂದು ವಿಧಿಸಿದೆ.

ಕನ್ನಡದ ಮಟ್ಟಿಗೆ ತೊಡಕು ಇನ್ನೂ ಕೆಳಗಿನ ಮೆಟ್ಟಿಲಿನಲ್ಲಿದೆ. ಹಳೆಯ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ವೇಷ ತೊಡಿಸುತ್ತಿದ್ದವು. ಅಂಥ ಕಡತದಲ್ಲಿ ‘ಕನ್ನಡ’ ಎಂಬ ಪದ ಕಣ್ಣಿಗೆ ಸೊಗಸಾಗಿಯೇ ಕಾಣುತ್ತದೆ. ಓದುವ ಯಂತ್ರವಾದರೋ ವೇಷವನ್ನು ಕಾಣದು, ಒಳಗಿನ ಸಂಕೇತವನ್ನಷ್ಟೇ ಕಂಡು ಅರ್ಥವಿಲ್ಲದ ಸದ್ದುಗಳನ್ನು ತೊದಲುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದೆ. ಆದರೂ ಹಳೆಯ ಕಡತಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಪುಸ್ತಕದ ಪುಟಗಳ ಛಾಯಾಚಿತ್ರ ತೆಗೆದು ಅದನ್ನೇ ಪಾಠವೆಂದು ಹಂಚುವ ಅಭ್ಯಾಸವೂ ಇದೆ. ಅಲ್ಲಿ ಯಂತ್ರಕ್ಕೆ ಒಂದು ಅಕ್ಷರವೂ ಸಿಕ್ಕುವುದಿಲ್ಲ.

ದೊಡ್ಡ ವಿಶ್ವವಿದ್ಯಾನಿಲಯವೊಂದೇ ಮಾಡಬೇಕಾದ ಕೆಲಸ ಇದಲ್ಲ. ಪಾಠದ ಚಿತ್ರಕ್ಕೆ ಹಿನ್ನೆಲೆಯಲ್ಲಿ ಒಂದು ವಾಕ್ಯ ಬರೆದಿಡಲು ಗಣಕಯಂತ್ರದಲ್ಲಿ ಅವಕಾಶವಿದೆ. ಅದನ್ನು ಬರೆಯಲು ಉಪಾಧ್ಯಾಯರಿಗೆ ಎರಡು ನಿಮಿಷ ಸಾಕು. ಜೋಗದ ಚಿತ್ರಕ್ಕೆ ‘ಚಿತ್ರ 4’ ಎಂದು ಬರೆದವರೂ ಇದ್ದಾರೆ. ‘ಶರಾವತಿ ನದಿ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಸುಮಾರು 830 ಅಡಿ ಆಳಕ್ಕೆ ಧುಮುಕುತ್ತಿದೆ, ಬುಡದಲ್ಲಿ ಮಂಜಿನಂತೆ ನೀರಹನಿ ಎದ್ದಿದೆ’ ಎಂದು ಬರೆದವರೂ ಇದ್ದಾರೆ. ಈ ಎರಡನೆಯ ವಾಕ್ಯವನ್ನು ಕೇಳಿದ ಹುಡುಗಿ ರಾಜನಿಗೂ ರಾಣಿಗೂ ನಡುವೆ ಎಷ್ಟು ದೂರವೆಂದು ಕೇಳಿಯಾಳು. ಆಗ ಉಪಾಧ್ಯಾಯರು ಚಿತ್ರವನ್ನು ಇನ್ನೊಮ್ಮೆ ನೋಡಬೇಕಾಗುತ್ತದೆ.