ಗಾಳಿಯೋ, ವಿದ್ಯುತ್ತೋ?

ಸಾಲ ಮಾಡಿ ಷೆಡ್ಡು ಹಾಕಿದ ಮೇಸ್ತ್ರಿಗೆ, ಕಾರಿನ ಬಣ್ಣಕ್ಕೆ ಹೊಳಪು ಕೊಡುವ ಯಂತ್ರವನ್ನು ಆರಿಸುವುದು ಮಗಳಿಗೆ ವರನನ್ನು ಆರಿಸಿದಷ್ಟೇ ಕಠಿನ.

ಗಾಳಿಯಂತ್ರವು ನೋಟಕ್ಕೆ ಸಲಕ್ಷಣ. ಕೈಗೆ ಹಗುರ, ದಿನವಿಡೀ ದುಡಿದರೂ ಮೈ ಬಿಸಿಯಾಗದು, ನೀರು ಸೋಕಿದರೂ ವಿದ್ಯುದಾಘಾತದ ಭಯವಿಲ್ಲ. ಆದರೆ ವರನ ಹಿಂದಿರುವ ಸಂಸಾರವನ್ನೂ ವಿಚಾರಿಸಬೇಡವೆ? ಅದಕ್ಕೆ ಉಸಿರೂಡಲು ಕಂಪ್ರೆಸರು ಬೇರೆಯೇ ಬೇಕು. ಗಾಳಿಯಿಂದ 1 ಅಶ್ವಶಕ್ತಿಯ ಕೆಲಸವನ್ನು ಪಡೆಯಲು ಸುಮಾರು 7-8 ಅಶ್ವಶಕ್ತಿಯ ವಿದ್ಯುತ್ತು ವ್ಯಯವಾಗುತ್ತದೆ! ಟೈರಿಗೆ ಗಾಳಿ ತುಂಬುವ ಪುಟ್ಟ ಕಂಪ್ರೆಸರಾದರೋ, ಬಾನೆಟ್ಟು ಮುಗಿಯುವ ಮುನ್ನವೇ ಏದುಸಿರು ಬಿಡುತ್ತದೆ. ಬಣ್ಣ ಎರಚಲೆಂದೇ ದೊಡ್ಡ ಕಂಪ್ರೆಸರನ್ನು ಇಟ್ಟುಕೊಂಡ ಸಿರಿವಂತ ಕಾರ್ಖಾನೆಗೆ ಈ ಸಂಬಂಧ ಒಪ್ಪೀತು.

ವಿದ್ಯುದ್ಯಂತ್ರವು ತುಸು ಸ್ಥೂಲಕಾಯ. ಬೆನ್ನಿಗೆ ತಂತಿಯ ಬಾಲ ಬೇರೆ. ಆದರೆ ಗೋಡೆಯ ಪ್ಲಗ್ಗೊಂದಿದ್ದರೆ ಸಾಕು. ಒತ್ತಿದರೂ ಅದರ ವೇಗ ಸುಲಭವಾಗಿ ತಗ್ಗದು. ಅಪಾಯವಿರುವುದೂ ಅಲ್ಲಿಯೇ. ಇಂದಿನ ಕಾರುಗಳಿಗೆ ಹೊಳಪು ನೀಡುವ ಮೇಲಿನ ಪಾರದರ್ಶಕ ಪದರದ ದಪ್ಪ ಮಿಲಿಮೀಟರಿನ 20ನೆಯ ಒಂದು ಪಾಲಿನಷ್ಟು ಮಾತ್ರ. ಬಾಗಿಲಿನ ಅಂಚಿನಲ್ಲಿ ಕ್ಷಣಕಾಲ ಮೈಮರೆತರೆ ಅದು ಸುಟ್ಟುಹೋದೀತು. ಹೊಸ ಬಣ್ಣದ ವೆಚ್ಚವೆಲ್ಲ ಮೇಸ್ತ್ರಿಯ ತಲೆಗೆ. ಅದಕ್ಕೆಂದೇ ಜಾಣನಾದವನು, ತಿರುಗುತ್ತಲೇ ಅತ್ತಿತ್ತ ಓಲಾಡುವ ಜಾತಿಯ ವಿದ್ಯುದ್ಯಂತ್ರವನ್ನು ಕೊಂಡು, ಮೊದಲ ವಾರವೆಲ್ಲ ಗುಜರಿಯಿಂದ ತಂದ ಬಾಗಿಲೊಂದರ ಮೇಲೆ ಕೈ ಪಳಗಿಸಿಕೊಳ್ಳುತ್ತಾನೆ.