ತೂಕದ ಚೀಟಿ

ಬೆಳಗಿನ ಐದೂವರೆ. ಸಂಡೂರಿನ ಗುಡ್ಡದ ಬುಡದಲ್ಲಿ ಮಂಜು ಇಳಿದಿದೆ, ಆದರೆ ಅದರ ಬಣ್ಣ ಬಿಳಿಯಲ್ಲ. ವೇ ಬ್ರಿಡ್ಜಿನ ದೀಪ ಬಿದ್ದಲ್ಲೆಲ್ಲ ಇಟ್ಟಿಗೆ ಪುಡಿ ಕಲಸಿದ ಹಾಗೆ ಕಾಣುತ್ತದೆ. ಹತ್ತು ಗಾಲಿಯ ಟಿಪ್ಪರಿನಲ್ಲಿ, ಕ್ಲೀನರ್ ಕೂರುವ ಜಾಗದಲ್ಲಿ ನೀವು ಕೂತಿದ್ದೀರಿ. ಕಾಲ ಕೆಳಗೆ ಎಂಜಿನ್ನಿನ ಬಿಸಿ, ಮುಖಕ್ಕೆ ಚಳಿ. ಮುಂದಿನ ಗಾಜಿನ ಹತ್ತಿರ ಕುಮಾರಸ್ವಾಮಿಯ ಪಟ. ಪಟದ ಗಾಜನ್ನು ಬೆರಳಿನಿಂದ ಒರೆಸಿ ನೋಡಿ, ಬೆರಳು ಕೆಂಪಾಗುತ್ತದೆ. ನಿನ್ನೆ ರಾತ್ರಿಯಷ್ಟೇ ಒರೆಸಿದ್ದರಂತೆ.

"ಬಾಗಿಲು ಗಟ್ಟಿ ಹಾಕ್ರಿ ಸಾರ್, ಅದು ಸ್ವಲ್ಪ ಮೊಂಡು ಐತಿ," ಎನ್ನುತ್ತಾರೆ ಚಾಲಕರು.

ಲಾರಿ ಕಬ್ಬಿಣದ ಹಲಗೆಯ ಮೇಲೆ ಹತ್ತುತ್ತದೆ. ಹಲಗೆ ಒಮ್ಮೆ ನರಳಿ ಸುಮ್ಮನಾಗುತ್ತದೆ. ಕಿಟಕಿಯಿಂದ ಒಂದು ಕೈ ಚೀಟಿ ನೀಡುತ್ತದೆ. ಚಾಲಕರು ಅದನ್ನು ಪರ್ಮಿಟ್ಟಿನ ಜೊತೆ ಮಡಚಿ ಜೇಬಿಗೆ ಹಾಕುವ ಮೊದಲು ಕೇಳಿ ತೆಗೆದುಕೊಳ್ಳಿ. ಖಾಲಿ ಗಾಡಿ 9 ಟನ್ ಚಿಲ್ಲರೆ, ಅದಿರು 19 ಟನ್, ಒಟ್ಟು 28 ಟನ್ ಚಿಲ್ಲರೆ. ಪರ್ಮಿಟ್ಟಿನಲ್ಲಿ ಇನ್ನೂ ಹೆಚ್ಚಿದೆ: ಯಾವ ಗಣಿಯಿಂದ, ಯಾವ ಕಾರ್ಖಾನೆಗೆ, ಯಾವ ದಾರಿಯಲ್ಲಿ, ಎಷ್ಟು ಹೊತ್ತಿನೊಳಗೆ. ಲಾರಿಗೆ ಜಿಪಿಎಸ್ ಕೂಡ ಇದೆ. ಈ ಎರಡು ಕಾಗದಗಳನ್ನು ಮರೆಯಬೇಡಿ. ಇವತ್ತಿಡೀ ಇವು ನಮ್ಮ ಜೊತೆ ಬರುತ್ತವೆ.

ಲಾರಿ ರಸ್ತೆಗೆ ಬರುತ್ತದೆ. ಟಾರ್ಪಾಲು ಹಿಂದೆ ಪಟಪಟ ಬಡಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ 28 ಟನ್ನು ನಿಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ಅದೇ ಭಾರ ಕೆಳಗಿನ ಡಾಂಬರನ್ನೂ ತಳ್ಳುತ್ತದೆ. ಕಿಟಕಿಯಿಂದ ಬಗ್ಗಿ ನೋಡಿದರೆ ಎಡಗಡೆ ಗಾಲಿ ಓಡುವ ಜಾಡಿನಲ್ಲಿ ರಸ್ತೆ ತಗ್ಗಾಗಿದೆ, ಎರಡು ಜಾಡುಗಳ ನಡುವೆ ದಿಬ್ಬವೆದ್ದಿದೆ. ಬೈಕಿನವನೊಬ್ಬ ಆ ದಿಬ್ಬದ ಮೇಲೇ ತೂಗಾಡುತ್ತ ಬರುತ್ತಿದ್ದಾನೆ, ಬಾಯಿಗೆ ಟವೆಲ್ ಕಟ್ಟಿಕೊಂಡಿದ್ದಾನೆ.

ರಸ್ತೆ ಹೀಗೇಕೆ ಆಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ 1958ರಿಂದ 1960ರವರೆಗೆ, ಬಗೆಬಗೆಯ ದಪ್ಪದ ರಸ್ತೆ ಹಾಕಿ, ಅದರ ಮೇಲೆ ಸೈನಿಕರ ಕೈಯಲ್ಲಿ ಭಾರ ಹೇರಿದ ಲಾರಿಗಳನ್ನು ಸುತ್ತು ಹೊಡೆಸಿದರು. ಅಲ್ಲಿ ಸಿಕ್ಕ ಲೆಕ್ಕ ಇದು: ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು 16 ಪಟ್ಟು. ಕಾರಿನ ಅಚ್ಚಿನ ಮೇಲೆ ಒಂದು ಟನ್ ಅಂತಲೇ ಇಟ್ಟುಕೊಳ್ಳಿ, ಈ ಟಿಪ್ಪರಿನ ಹಿಂದಿನ ಒಂದೊಂದು ಅಚ್ಚಿನ ಮೇಲೆ 10 ಟನ್. ಪೆಟ್ಟು ಹತ್ತು ಸಾವಿರ ಪಟ್ಟು. ಅದೇ ಅಚ್ಚಿಗೆ 15 ಟನ್ ಹೇರಿದರೆ, ಭಾರ ಒಂದೂವರೆ ಪಟ್ಟು, ಪೆಟ್ಟು ಐದು ಪಟ್ಟು. ಬೈಕಿನ ಪೆಟ್ಟು ಲೆಕ್ಕಕ್ಕೇ ಬರುವುದಿಲ್ಲ.

ಈ ಸೂತ್ರ ಗೊತ್ತಿಲ್ಲದೆಯೇ ಸಂಡೂರಿನ ಜನ ಅದರ ಫಲ ಉಂಡಿದ್ದಾರೆ. ಅದಿರಿನ ಬೆಲೆ ಏರಿದ ಆ ವರ್ಷಗಳಲ್ಲಿ ಈ ದಾರಿಯಲ್ಲಿ ಓಡಾಡಿದವರಿಗೆ ನೆನಪಿರುತ್ತದೆ: ಲಾರಿಯ ಹಿಂದೆ ಲಾರಿ, ಹಗಲಿನಲ್ಲೂ ಹೆಡ್‌ಲೈಟು, ದಾರಿ ಬದಿಯ ಬೇವಿನ ಮರದ ಎಲೆಯೂ ಕೆಂಪು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ ಅಕ್ರಮ ಗಣಿಗಾರಿಕೆಯ ಜೊತೆಗೆ ಮಿತಿಮೀರಿದ ಲೋಡನ್ನೂ ದಾಖಲಿಸಿತು. ಅದೇ ವರ್ಷದ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು.

"ಆವಾಗ ಗಾಡಿ ಮನೆ ಮುಂದ ನಿಂತಿತ್ರಿ. ಕಂತು ಮಾತ್ರ ನಿಲ್ಲಲಿಲ್ಲ," ಎನ್ನುತ್ತಾರೆ ಚಾಲಕರು, ಕಣ್ಣು ರಸ್ತೆಯ ಮೇಲಿಟ್ಟೇ. "ಟ್ಯಾಕ್ಸೂ ಹಂಗೇ. ಮೂರು ತಿಂಗಳಿಗೊಮ್ಮೆ."

ಈ ಮಾತನ್ನು ಹಿಡಿದುಕೊಳ್ಳೋಣ. ಲಾರಿಯ ತ್ರೈಮಾಸಿಕ ತೆರಿಗೆ ನಿಂತಿರುವುದು ನೋಂದಣಿಯ ತೂಕದ ಮೇಲೆ. ದಿನಕ್ಕೆ ಮೂರು ಟ್ರಿಪ್ ಹೊಡೆದವರೂ, ತಿಂಗಳಿಗೆ ಮೂರು ಹೊಡೆದವರೂ ಕಟ್ಟುವುದು ಅಷ್ಟೇ. ಓಡಿಸುವುದಿಲ್ಲವೆಂದು ಆರ್‌ಟಿಒಗೆ ಮೊದಲೇ ತಿಳಿಸಿ ದಾಖಲೆ ಒಪ್ಪಿಸಿದರೆ ಮಾತ್ರ ವಿನಾಯಿತಿ. ಕಾರಿನದು ಇನ್ನೂ ವಿಚಿತ್ರ. ಜೀವಿತಾವಧಿ ತೆರಿಗೆಯನ್ನು ಬೆಲೆ ನೋಡಿ ಹಾಕುತ್ತಾರೆ, 5 ಲಕ್ಷದೊಳಗಿನ ಕಾರಿಗೆ ಶೇ 13, 20 ಲಕ್ಷ ಮೀರಿದರೆ ಶೇ 18. ಕಾರು ಶೆಡ್ಡಿನಲ್ಲೇ ನಿಂತರೂ, ಊರೂರು ಸುತ್ತಿದರೂ ಒಂದೇ. ರಸ್ತೆಗೆ ಕಾರಿನ ಬೆಲೆ ಗೊತ್ತಿಲ್ಲ, ತೂಕ ಮಾತ್ರ ಗೊತ್ತು.

ಹೊಸಪೇಟೆಯಲ್ಲಿ ಬಿಸಿಲೇರಿದೆ. ಇಳಿದು, ಮುಖ ತೊಳೆದು, ಇಡ್ಲಿ ತಿಂದು, ಹಂಪಿಯ ದಾರಿ ಹಿಡಿಯೋಣ.

ವಿಠ್ಠಲ ದೇವಸ್ಥಾನಕ್ಕೆ ಹೋಗುವ ಪ್ರವಾಸಿಗಳು ಗೆಜ್ಜಲ ಮಂಟಪದ ಹತ್ತಿರ ಗಾಡಿ ಬಿಟ್ಟು ಬ್ಯಾಟರಿ ವಾಹನ ಹತ್ತುತ್ತಿದ್ದಾರೆ. ನಾವು ಅತ್ತ ಹೋಗುವುದು ಬೇಡ, ಆನೆಗೊಂದಿ ಕಡೆಯ ರಸ್ತೆಯಲ್ಲಿ ತಳವಾರಘಟ್ಟದ ಬಾಗಿಲಿಗೆ ಬನ್ನಿ. ಎತ್ತರದ ಕಲ್ಲಿನ ಬಾಗಿಲು, ಅದರ ಅಡಿಯಲ್ಲೇ ಇವತ್ತಿಗೂ ಬೈಕು, ಆಟೊ ನುಗ್ಗಿ ಹೋಗುತ್ತವೆ. ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ತಂಪು, ಬಾವಲಿಯ ವಾಸನೆ. ಕಂಬಕ್ಕೆ ಬೆನ್ನು ಕೊಟ್ಟು ಕೂತು ಐನೂರು ವರ್ಷ ಹಿಂದಕ್ಕೆ ಕಿವಿ ಕೊಡಿ: ಎತ್ತಿನ ಕೊರಳಗಂಟೆ, ಹೇರಿನ ಚೀಲ ಉಜ್ಜುವ ಸದ್ದು, ಸುಂಕದವನ ಎಣಿಕೆ.

ಇದು ಬರಿಯ ಕಲ್ಪನೆಯಲ್ಲ. 1530ರ ದಶಕದಲ್ಲಿ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಈ ರಾಜಧಾನಿಯ ಸುಂಕದ ಬಾಗಿಲ ಲೆಕ್ಕವನ್ನು ಇಟ್ಟುಹೋಗಿದ್ದಾನೆ. ಬಾಗಿಲಿನ ಗುತ್ತಿಗೆ ವರ್ಷಕ್ಕೆ 12,000 ಪರ್ದಾವ್, ಅಂದರೆ ಚಿನ್ನದ ವರಹ. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಊರಿನವರೂ ಪರದೇಶದವರೂ ಒಳಗೆ ಬರುವಂತಿಲ್ಲ. ದಿನಕ್ಕೆ 2,000 ಹೇರಿನ ಎತ್ತುಗಳು, ಎತ್ತಿಗೆ ಮೂರು ವಿಂಟೆಂ ನಾಣ್ಯ. ಕೋಡಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದ ಯಾವ ಮೂಲೆಯಲ್ಲೂ ಸುಂಕವಿಲ್ಲ.

ಬೋಳೆತ್ತಿಗೆ ಯಾಕೆ ಬಿಟ್ಟರೋ, ಅವನು ಹೇಳಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಹಿಂದಿನ ಮಾತು. ಒಂದು ಎತ್ತು ಹೊರುವ ಭಾರ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಎತ್ತನ್ನು ಎಣಿಸಿದರೆ ಭಾರವನ್ನೇ ಎಣಿಸಿದ ಹಾಗೆ. ನಮ್ಮ ಶಾಸನಗಳ ಹೆಜ್ಜುಂಕವೂ, ಅಂದರೆ ಹಿರಿಯ ಸುಂಕವೂ, ಹೇರನ್ನು ನೋಡುತ್ತಿತ್ತು. ಎತ್ತು ಹೋಗಿ ಟಿಪ್ಪರ್ ಬಂದಾಗ ಎಣಿಕೆ ಉಳಿಯಿತು, ಭಾರ ಕೈತಪ್ಪಿತು.

ನದಿ ದಾಟಿ ಹಿಟ್ನಾಳ್ ಟೋಲಿಗೊಮ್ಮೆ ಹೋಗಿ ನೋಡಿ. ಫಾಸ್ಟ್‌ಟ್ಯಾಗ್ ಬೀಪ್ ಅಂದ ಕೂಡಲೇ ಕಂಬಿ ಏಳುತ್ತದೆ. ಟೋಲ್ ದರದ ಬುಡ 2008ರ ನಿಯಮದಲ್ಲಿದೆ: ಮೂಲ ದರ ಕಾರಿಗೆ ಕಿಲೋಮೀಟರಿಗೆ 65 ಪೈಸೆ, ಏಳು ಅಥವಾ ಅದಕ್ಕಿಂತ ಹೆಚ್ಚು ಅಚ್ಚಿನ ದೈತ್ಯನಿಗೆ 4 ರೂಪಾಯಿ 20 ಪೈಸೆ. ಆಮೇಲೆ ಬೆಲೆ ಸೂಚ್ಯಂಕದ ಜೊತೆ ಎಲ್ಲವೂ ಏರಿವೆ, ಅನುಪಾತ ಅದೇ, ಆರೂವರೆ ಪಟ್ಟು. ಹಾಳು ಮಾಡುವುದು ಸಾವಿರಾರು ಪಟ್ಟು, ಕೊಡುವುದು ಆರೂವರೆ ಪಟ್ಟು. ಬೈಕು, ಟ್ರ್ಯಾಕ್ಟರ್, ಎತ್ತಿನ ಗಾಡಿಗೆ ಟೋಲ್ ಇಲ್ಲ. ಅವು ನಮ್ಮ ಕಾಲದ ಬೋಳೆತ್ತುಗಳು.

ಇನ್ನೊಂದು ಸಂಗತಿ ಈ ಭಾಗದವರೇ ಮರೆತದ್ದು. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. 1931ರ ಮದ್ರಾಸ್ ಮೋಟಾರು ವಾಹನ ತೆರಿಗೆ ಕಾಯ್ದೆ ಬಂದಾಗ ರಸ್ತೆಯ ಸುಂಕದ ಗೇಟುಗಳನ್ನು ತೆಗೆದರು. ಗೇಟಿನ ಆದಾಯ ಕಳೆದುಕೊಂಡ ಸ್ಥಳೀಯ ಸಂಸ್ಥೆಗಳಿಗೆ ವಾಹನ ತೆರಿಗೆಯಿಂದ ಪರಿಹಾರ ಎಂದು ಒಪ್ಪಂದ. ಗೇಟು ಬೇಡ, ಅದರ ಬದಲು ತೆರಿಗೆ. ಈಗ ಗೇಟು ಮರಳಿ ಬಂದಿದೆ, ತೆರಿಗೆಯೂ ಹೋಗಿಲ್ಲ, ಇವೆರಡರ ಮೇಲೆ ಲೀಟರ್ ಲೀಟರಿಗೂ ರಸ್ತೆಯ ಸೆಸ್ಸು. ವಿನಿಮಯದ ಮಾತು ಮುರಿದು ಬಿದ್ದಿದೆ, ಯಾರೂ ಕೇಳಲಿಲ್ಲ.

ಮಧ್ಯಾಹ್ನ ಮೂರು. ಕಮಲಾಪುರ ದಾಟಿ ಕಂಪ್ಲಿಯ ದಾರಿಯಲ್ಲಿದ್ದೇವೆ. ಗಾಳಿಯ ರುಚಿಯೇ ಬದಲಾಗಿದೆ. ಬಾಳೆ, ಕಬ್ಬು, ಕಾಲುವೆಯ ನೀರು, ಕಟಾವಾದ ಭತ್ತದ ಹಸಿ ಹುಲ್ಲಿನ ವಾಸನೆ. ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ಹಳೆಯ ಬೈಕಿಗೆ ನೂರು ರೂಪಾಯಿ ಪೆಟ್ರೋಲ್ ಹಾಕಿಸುತ್ತಿದ್ದಾನೆ. ಹೊಸಪೇಟೆಯಲ್ಲಿ ಕೆಲಸ, ದಿನಾ ಹೋಗಿ ಬರುವುದು.

"ನೂರು ರೂಪಾಯಿ ಎಲ್ಲಿ ಹೋಗತೈತೋ ಗೊತ್ತಾಗಲ್ಲಣ್ಣ," ಎನ್ನುತ್ತಾನೆ, ಮೀಟರಿನ ಅಂಕಿ ನೋಡುತ್ತ.

ಒಂದಿಷ್ಟು ಎಲ್ಲಿ ಹೋಗುತ್ತದೆಂದು ಹೇಳಬಹುದು. ರಾಜ್ಯದ ಮಾರಾಟ ತೆರಿಗೆಯನ್ನು 2024ರ ಜೂನ್ 15ರಂದು ಪೆಟ್ರೋಲಿಗೆ ಶೇ 25.92ರಿಂದ 29.84ಕ್ಕೆ ಏರಿಸಿದರು. ಡೀಸೆಲಿನದು ಆಗ ಶೇ 18.4, 2025ರ ಏಪ್ರಿಲ್ 1ರಿಂದ ಶೇ 21.17. ಇದರ ಮೇಲೆ ಕೇಂದ್ರದ ಅಬಕಾರಿ ಸುಂಕ ಬೇರೆ. ಡಾಂಬರಿಗೆ ಗೀರೂ ಬೀಳಿಸದ ಬೈಕಿನ ಇಂಧನಕ್ಕೆ ಹೆಚ್ಚು ದರ, ಡಾಂಬರು ಒಡೆಯುವ ಲಾರಿಯ ಇಂಧನಕ್ಕೆ ಕಡಿಮೆ. ಟೋಲಿನಲ್ಲಿ ಬೋಳೆತ್ತಾದವನನ್ನು ಬಂಕಿನಲ್ಲಿ ಹಿಡಿದು ವಸೂಲಿ ಮಾಡುತ್ತೇವೆ. ಡೀಸೆಲ್ ಏರಿದರೆ ತರಕಾರಿ, ಬಸ್ಸಿನ ಟಿಕೆಟು ಏರುತ್ತವೆ ಎಂಬುದು ನಿಜ. ಆದ್ದರಿಂದಲೇ ಇಂಧನದ ತೆರಿಗೆಯಿಂದ ರಸ್ತೆಯ ನ್ಯಾಯ ಸಿಗುವುದಿಲ್ಲ. ವಿದ್ಯುತ್ ವಾಹನಗಳು ಹೆಚ್ಚಿದ ಹಾಗೆ ಈ ಬಾವಿಯೂ ಬತ್ತುತ್ತದೆ.

ಹಾಗಾದರೆ ಯಾವುದು ನ್ಯಾಯ? ಬೆಳಗಿನ ಚೀಟಿಯನ್ನು ಜೇಬಿನಿಂದ ತೆಗೆಯಿರಿ. ತೂಕ ಅಲ್ಲಿದೆ. ದೂರ ಪರ್ಮಿಟ್ಟಿನಲ್ಲಿದೆ. ಎರಡನ್ನೂ ಗುಣಿಸಿ, ಭಾರದ ಅಚ್ಚಿಗೆ ಹೆಚ್ಚು ಗುಣಕ ಹಾಕಿ, ಬಿಲ್ಲು ಮಾಡಿ. ನ್ಯೂಜಿಲೆಂಡಿನಲ್ಲಿ 1970ರ ದಶಕದಿಂದ ಡೀಸೆಲ್ ವಾಹನಗಳು ತೂಕ ಮತ್ತು ದೂರಕ್ಕೆ ತಕ್ಕಂತೆ ಕೊಡುತ್ತಿವೆ, 2024ರ ಏಪ್ರಿಲಿನಿಂದ ವಿದ್ಯುತ್ ಕಾರುಗಳೂ ಆ ಲೆಕ್ಕಕ್ಕೆ ಸೇರಿವೆ. ಸ್ವಿಟ್ಜರ್ಲೆಂಡಿನಲ್ಲಿ 2001ರಿಂದ ಲಾರಿಗಳಿಗೆ ಇದೇ ಪದ್ಧತಿ. ಅಲ್ಲಿ ಅದಕ್ಕೆ ಹೊಸ ಯಂತ್ರ ಬೇಕಾಯಿತು. ಸಂಡೂರಿನ ಅದಿರಿಗೆ ಏನೂ ಬೇಕಿಲ್ಲ, ಅಕ್ರಮ ತಡೆಯಲೆಂದು ಕಟ್ಟಿದ ಲೆಕ್ಕದ ವ್ಯವಸ್ಥೆ ಆಗಲೇ ಟನ್ ಟನ್ನನ್ನೂ ಹಿಂಬಾಲಿಸುತ್ತಿದೆ. ವಾಹನ ತೆರಿಗೆ, ಟೋಲ್ ಎರಡೂ ಸಂವಿಧಾನದ ರಾಜ್ಯ ಪಟ್ಟಿಯಲ್ಲೇ ಇವೆ, 57 ಮತ್ತು 59ನೇ ನಮೂದು.

ಆದರೆ ಬಿಲ್ಲು ಹೋಗಬೇಕಾದದ್ದು ನಮ್ಮ ಚಾಲಕರಿಗಲ್ಲ, ಒಂದೇ ಲಾರಿ ಇಟ್ಟುಕೊಂಡು ಕಂತು ಕಟ್ಟುವ ಮಾಲೀಕನಿಗೂ ಅಲ್ಲ. ಅದಿರು ಯಾರದೋ, ಕೊಂಡವರು ಯಾರೋ, ಅವರ ಹೆಸರೂ ಆ ಪರ್ಮಿಟ್ಟಿನಲ್ಲೇ ಇದೆ. ಅವರಿಗೆ ರಸ್ತೆ ದುಬಾರಿಯಾದಷ್ಟೂ ರೈಲು, ಕನ್ವೇಯರ್ ಅಗ್ಗವಾಗಿ ಕಾಣುತ್ತವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗಣಿಯಿಂದ ಸುಮಾರು 24 ಕಿಲೋಮೀಟರ್ ಉದ್ದದ ಪೈಪ್ ಕನ್ವೇಯರ್ ಬಂದಿದೆ. ಅದರಲ್ಲಿ ಹರಿಯುವ ಅದಿರು ಯಾವ ಮಗುವಿನ ಗಂಟಲಿಗೂ ಧೂಳಾಗಿ ಇಳಿಯುವುದಿಲ್ಲ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನವಿದೆ, ಹಳೆಯ ಗುತ್ತಿಗೆಗಳಿಂದ ರಾಜಧನದ ಶೇ 30ರಷ್ಟು ಮೊತ್ತ ಅಲ್ಲಿಗೆ ಬರುತ್ತದೆ. ಒಳ್ಳೆಯದೇ. ಆದರೆ ಅದು ಗಣಿಯ ಲೆಕ್ಕ, ದಾರಿಯ ಲೆಕ್ಕವಲ್ಲ. ಯಾವ ರಸ್ತೆ ಎಷ್ಟು ಟನ್ ಹೊತ್ತಿತೋ ಅಷ್ಟು ಹಣ ಆ ರಸ್ತೆಗೇ ಬರಬೇಕು, ಅದರ ಪಕ್ಕದ ಊರಿನ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಆ ಅಂಕಿ ಬರೆದಿರಬೇಕು.

ಸಂಜೆ. ಕಂಪ್ಲಿಯಿಂದ ಗಂಗಾವತಿ ಕಡೆಯ ಹಳೆಯ ಸೇತುವೆಯ ಹತ್ತಿರ ನಿಂತಿದ್ದೇವೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಇದು ಮುಳುಗುತ್ತದೆ, ಆಗ ಈಚೆಯವರು ಈಚೆ, ಆಚೆಯವರು ಆಚೆ. ಇವತ್ತು ತುಂಗಭದ್ರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿದ್ದಾಳೆ.

ಬಂದ ದಾರಿಗೆ ತಿರುಗಿದರೆ, ರಸ್ತೆಯ ಅರ್ಧದಷ್ಟು ಅಗಲಕ್ಕೆ ಭತ್ತ ಒಣಹಾಕಿದ್ದಾರೆ. ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ದಾರೆ. ಬಿಸಿಲು ಹೀರಿದ ಡಾಂಬರು ಇನ್ನೂ ಬೆಚ್ಚಗಿದೆ, ಅಂಗೈ ಇಟ್ಟು ನೋಡಿ. ಹೆಂಗಸೊಬ್ಬರು ಬರಿಗಾಲಲ್ಲಿ ಭತ್ತದ ನಡುವೆ ನಡೆದು ಸಾಲು ಬಿಡಿಸುತ್ತಿದ್ದಾರೆ. ಡಾಂಬರು ಕಿತ್ತ ಗುಂಡಿಯೊಂದಕ್ಕೆ ಗೋಣಿಚೀಲ ಹಾಸಿದ್ದಾರೆ, ಕಾಳು ಅದರೊಳಗೆ ಬೀಳದಿರಲೆಂದು.

ದೂರದಲ್ಲಿ ಹಾರ್ನ್. ದೊಡ್ಡ ಲಾರಿಯೊಂದು ಬರುತ್ತಿದೆ. ಆಕೆ ಹಲಗೆ ಎತ್ತಿಕೊಂಡು ಅಂಚಿನ ಭತ್ತವನ್ನು ಎರಡು ಮಾರು ಒಳಕ್ಕೆ ಎಳೆಯುತ್ತಾರೆ, ಕಲ್ಲುಗಳನ್ನು ಒಂದೊಂದಾಗಿ ಸರಿಸುತ್ತಾರೆ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಲ್ಲುತ್ತಾರೆ. ಲಾರಿ ಹೋಗುತ್ತದೆ. ನೆಲ ನಡುಗಿದ್ದು ನಿಮ್ಮ ಅಂಗಾಲಿಗೂ ತಿಳಿಯುತ್ತದೆ. ಧೂಳು ಇಳಿದ ಮೇಲೆ ಆಕೆ ಮತ್ತೆ ಹಲಗೆ ಹಿಡಿದು, ಭತ್ತವನ್ನು ಅದೇ ಜಾಗಕ್ಕೆ ಹರವತೊಡಗುತ್ತಾರೆ.