ಶವೆರ್ನಿಯ ಬಿಳಿ ಮನೆ

ಮೇ 14, ಬ್ಲ್ವಾ

ಫ್ರಾನ್ಸಿನ ಶಾಂಬೋರ್ ನೋಡಿ ಬಂದೆ. 400ಕ್ಕೂ ಹೆಚ್ಚು ಕೋಣೆಗಳ ಅರಮನೆ. ಕಟ್ಟಿಸಿದ ದೊರೆ ಒಂದನೇ ಫ್ರಾನ್ಸಿಸ್ ತನ್ನ ಇಡೀ ಆಳ್ವಿಕೆಯಲ್ಲಿ ಅಲ್ಲಿ ತಂಗಿದ್ದು ಕೆಲವೇ ವಾರ. ಬೆರಗಾದೆ; ಆದರೆ ಎಲ್ಲಾದರೂ ಒಂದು ಗಳಿಗೆ ಕೂರೋಣ ಅನ್ನಿಸಲಿಲ್ಲ. ನಾಳೆ ಶವೆರ್ನಿ. ಅದು ಹ್ಯುರೋ ಮನೆತನದ ಶಾತೋ, ಅಂದರೆ ಬಂಗಲೆ. ವಂಶಸ್ಥರು ಈಗಲೂ ಅಲ್ಲೇ ವಾಸವಿದ್ದಾರೆ.

ಮೇ 15, ಶವೆರ್ನಿ

ಎಂಥ ಬಿಳುಪು! ಹತ್ತಿರದ ಬೂರೆ ಊರಿನ ಗಣಿಯ ಕಲ್ಲು. ತೆಗೆದಾಗ ಮೆದು, ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಬೆಳ್ಳಗಾಗುತ್ತದೆ. ಸುಮಾರು 400 ವರ್ಷದ ಗೋಡೆ ನಿನ್ನೆ ಸುಣ್ಣ ಬಳಿದ ಹಾಗಿದೆ. ಹತ್ತಿರ ಹೋದರೆ ಕಲ್ಲಿನ ಮೇಲೆ ಉದ್ದಕ್ಕೂ ಕೊರೆದ ಅಡ್ಡಗೆರೆಗಳು. ಮೇಲಂತಸ್ತಿನ ಕಿಟಕಿಗಳ ನಡುವೆ ಮೊಟ್ಟೆಯಾಕಾರದ ಗೂಡುಗಳು, ಗೂಡುಗಳಲ್ಲಿ ರೋಮನ್ ಚಕ್ರವರ್ತಿಗಳ ಎದೆಮಟ್ಟದ ಶಿಲ್ಪಗಳು. ಮಧ್ಯೆ ಮೆಟ್ಟಿಲಿನ ಕಿರಿದಾದ ಭಾಗ, ಆಚೀಚೆ ಎರಡು ರೆಕ್ಕೆ, ತುದಿಗಳಲ್ಲಿ ಗುಮ್ಮಟ ಹೊತ್ತ ಕಟ್ಟಡಗಳು. ಎಡಕ್ಕಿದ್ದದ್ದೇ ಬಲಕ್ಕೆ.

ಆನ್ರಿ ಹ್ಯುರೋ 1620ರ ದಶಕದಲ್ಲಿ ಕೆಲಸ ಹಿಡಿಸಿದ. ವಾಸ್ತುಶಿಲ್ಪಿ ಝಾಕ್ ಬೂಝಿಯೆ. ಉಸ್ತುವಾರಿಯಲ್ಲಿ ಹೆಂಡತಿ ಮಾರ್ಗರಿಟ್‌ಳ ಪಾಲು ದೊಡ್ಡದು. ಒಂದೇ ಕಾಲದಲ್ಲಿ ಕಟ್ಟಿ ಮುಗಿಸಿದ್ದರಿಂದಲೇ ಈ ಹೊಂದಿಕೆ ಬಂದಿದೆ. ಆ ಕಾಲದ ಹೊಸ ರುಚಿಯಂತೆ ಒಳಗಿನ ಮೆಟ್ಟಿಲು ಸುರುಳಿ ಸುತ್ತದೆ ನೇರ ಏರುತ್ತದೆ. ಊಟದ ಕೋಣೆಯ ಮರದ ಹಲಗೆಗಳ ಮೇಲೆ ಬ್ಲ್ವಾದ ಚಿತ್ರಕಾರ ಝಾನ್ ಮೋನಿಯೆ ಡಾನ್ ಕ್ವಿಕ್ಸೋಟನ ಕತೆ ಬರೆದಿದ್ದಾನೆ. ಅವುಗಳ ಮುಂದೆ ಬಹಳ ಹೊತ್ತು ನಿಂತೆ.

ಮೇ 16, ಬ್ಲ್ವಾ

ಶವೆರ್ನಿ ಹ್ಯುರೋ ಮನೆತನದ ಕೈತಪ್ಪಿದ್ದೂ ಉಂಟು. ಈಗಿನ ಕಟ್ಟಡ ಏಳುವ ಮುಂಚೆ, 16ನೇ ಶತಮಾನದಲ್ಲಿ, ಆ ಜಾಗ ಆಗಿನ ದೊರೆಯ ಪ್ರೇಯಸಿ ಡಯಾನ್ ದ ಪ್ವಾತಿಯೆಯ ಪಾಲಾಯಿತು. ಆಕೆ ಹಳೆಯ ಒಡೆಯನ ಮಗನಿಗೇ ಮಾರಿದಳು. ಫ್ರೆಂಚ್ ಕ್ರಾಂತಿಯ ನಂತರ, 1802ರಲ್ಲಿ, ಮತ್ತೆ ಮಾರಾಟ. 1820ರ ದಶಕದಲ್ಲಿ ಮನೆತನವೇ ಮರಳಿ ಕೊಂಡಿತು. 1922ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದರು. ಖಾಸಗಿ ಒಡೆತನದ ಶಾತೋಗಳಲ್ಲಿ ಹಾಗೆ ತೆರೆದ ಮೊದಲಿನವುಗಳಲ್ಲಿ ಇದೂ ಒಂದು. ಎರಡನೇ ಮಹಾಯುದ್ಧದಲ್ಲಿ ಲೂವ್ರ್ ಸಂಗ್ರಹಾಲಯದ ಕಲಾಕೃತಿಗಳಿಗೂ ಇಲ್ಲಿ ಆಸರೆ ಸಿಕ್ಕಿತು. ಟಿನ್‌ಟಿನ್ ಕಾಮಿಕ್ಸ್‌ನ ಎರ್ಝೆ ಇದರ ಎರಡು ತುದಿಗಳನ್ನು ಬಿಟ್ಟು ನಡುವಿನ ಭಾಗವನ್ನಷ್ಟೇ ಬರೆದು ಕ್ಯಾಪ್ಟನ್ ಹ್ಯಾಡಕ್‌ನ ಮನೆ ಮಾಡಿದ.

ಪೀಳಿಗೆಗಟ್ಟಲೆ ಬಾಳಿದ ಮನೆಯೊಳಗೆ ಅಪರಿಚಿತರನ್ನು ಬಿಟ್ಟುಕೊಳ್ಳುವುದು ಸುಲಭವಲ್ಲ. ಹಾಗೆ ಬಿಟ್ಟುಕೊಂಡಿದ್ದಕ್ಕೇ ಪೀಠೋಪಕರಣ, ಚಿತ್ರ, ಕಸೂತಿ ಪರದೆಗಳೆಲ್ಲ ಇದ್ದಲ್ಲೇ ಉಳಿದಿವೆ ಎಂದು ನಾನು ನಂಬುತ್ತೇನೆ. ಆ ಸೂರಿನ ರಿಪೇರಿಗೆ ನನ್ನ ಟಿಕೆಟ್ಟಿನ ದುಡ್ಡೂ ಸೇರುತ್ತದೆ ಅನ್ನುವುದು ನನಗೆ ನಿಜವಾದ ಸಂತೋಷ.